ಎಡಗಾಲಿಯ ನಡುಕ

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಜೋಳದ ಹೊಲ ಶುರುವಾಗುವ ಕಡೆ ಶಿವಲೀಲಾಳ ಶೆಡ್ಡು. ತಗಡಿನ ಮಾಡು, ಮೂರು ಕಡೆ ಗೋಡೆ, ಮುಂದೊಂದು ಬೇವಿನ ಮರ. ಬೋರ್ಡಿನ ಮೇಲೆ ಮೊದಲು ಎರಡೇ ಮಾತಿದ್ದವು: ‘ಪಂಕ್ಚರ್, ಗಾಳಿ’. ಎರಡು ತಿಂಗಳ ಹಿಂದೆ ಅವಳು ಪೇಂಟರನನ್ನು ಕರೆಸಿ ಮೂರನೆಯದನ್ನೂ ಬರೆಸಿದಳು: ‘ಬ್ರೇಕ್’. ಕೆಂಪು ಅಕ್ಷರ, ಉಳಿದೆರಡಕ್ಕಿಂತ ಒಂದು ಗೇಣು ದೊಡ್ಡದು.

ಎರಡು ತಿಂಗಳಲ್ಲಿ ಬ್ರೇಕ್ ಕೆಲಸಕ್ಕೆ ಅಂತ ಒಂದು ನರಪಿಳ್ಳೆಯೂ ಬರಲಿಲ್ಲ. ಪಂಕ್ಚರಿಗೆ ನಿಂತವರು ಬೋರ್ಡು ಓದುತ್ತಿದ್ದರು, ಇವಳ ಮುಖ ನೋಡುತ್ತಿದ್ದರು, ಮತ್ತೆ ಬೋರ್ಡು ಓದುತ್ತಿದ್ದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು, "ಯಜಮಾನ್ರು ಇಲ್ಲೇನ್ರಿ?"

"ಟಿಪ್ಪರ್ ಮ್ಯಾಲೆ ಹೋಗ್ಯಾನ್ರಿ. ಅವಗ ಬ್ರೇಕ್ ತುಳಿಯಾಕ ಬರತೈತಿ, ಬಿಚ್ಚಾಕ ಬರಂಗಿಲ್ಲ. ಬಿಚ್ಚಾಕಿ ನಾನ" ಎಂದರೆ ನಕ್ಕು, ಪಂಕ್ಚರಿನ ದುಡ್ಡು ಕೊಟ್ಟು ಹೋಗುತ್ತಿದ್ದರು.

ಕಲಿತವಳಲ್ಲ ಅಂತೇನೂ ಅಲ್ಲ. ಅದಿರಿನ ಲಾರಿಗಳು ಹಗಲಿರುಳೂ ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಅವಳ ಅಪ್ಪ ಕೂಡ್ಲಿಗಿ ಹೈವೇ ಮಗ್ಗುಲಿಗೆ ಪಂಕ್ಚರ್ ಅಂಗಡಿ ಇಟ್ಟಿದ್ದ. ಅವ್ವ ಪಾಲಮ್ಮ ಕುರಿ ಕಾಯುತ್ತಿದ್ದಳು. ಮಗಳು ಅರ್ಧ ದಿನ ಟೈರಿನ ಹಿಂದೆ, ಅರ್ಧ ದಿನ ಕುರಿಯ ಹಿಂದೆ. ಅದಿರು ನಿಂತಿತು, ಲಾರಿ ನಿಂತವು, ಅಪ್ಪನ ಅಂಗಡಿಯೂ ನಿಂತಿತು. ಶಿವಲೀಲಾ ಕೊಟ್ಟೂರಿಗೆ ಬಂದು ಬಸ್ ಸ್ಟ್ಯಾಂಡ್ ಹತ್ತಿರದ ಗುರುಮೂರ್ತಿಯ ಗ್ಯಾರೇಜಿಗೆ ಸೇರಿದಳು. ಎಂಟು ವರ್ಷ. ಎಂಜಿನ್ ತೊಳೆದಳು, ಕ್ಲಚ್ ಬಿಚ್ಚಿದಳು, ಗೇರ್ ಪೆಟ್ಟಿಗೆ ಎತ್ತಿ ಎದೆಗವುಚಿಕೊಂಡು ನಡೆದಳು. ಬ್ರೇಕ್ ಮಾತ್ರ ಗುರುಮೂರ್ತಿ ಮುಟ್ಟಗೊಡಲಿಲ್ಲ. "ಬ್ರೇಕ್ ಅಂದ್ರ ಜೀವ. ಹೆಣ್ಮಕ್ಕಳ ಕೈಗೆ ಕೊಡಂಗಿಲ್ಲ" ಎನ್ನುತ್ತಿದ್ದ. ಅವನ ಹೆಂಡತಿ ಅವನ ಮೂರು ಮಕ್ಕಳ ಜೀವವನ್ನು ಒಬ್ಬಳೇ ಕೈಯಲ್ಲಿ ಹಿಡಿದು ಸಾಕಿದವಳು, ಆ ಲೆಕ್ಕ ಅವನಿಗೆ ಬರಲಿಲ್ಲ. ಕೊಡದಿದ್ದರೇನು, ಕಣ್ಣಿಗೆ ಬಟ್ಟೆ ಕಟ್ಟಿರಲಿಲ್ಲವಲ್ಲ. ಗೇರ್ ಪೆಟ್ಟಿಗೆ ಒರೆಸುತ್ತಲೇ ಶಿವಲೀಲಾ ಬ್ರೇಕ್ ಕಲಿತಳು. ಉಸ್ತಾದ ಏನು ಮಾಡುತ್ತಾನೆ ಅನ್ನುವುದನ್ನು ಕಲಿತಳು, ಏನು ಮಾಡುವುದಿಲ್ಲ ಅನ್ನುವುದನ್ನೂ ನೋಡಿಟ್ಟುಕೊಂಡಳು.

ಒಂದು ಮಂಗಳವಾರ ಮುಂಜಾನೆ ಹತ್ತರ ಹೊತ್ತಿಗೆ ಶೆಡ್ಡಿನ ಮುಂದೆ ಬಿಳಿ ಕಾರೊಂದು ಬಂದು ನಿಂತಿತು. ನಿಲ್ಲುವಾಗ ಮಳೆಯಲ್ಲಿ ನೆನೆದ ನಾಯಿಯ ಹಾಗೆ ಮೈ ಝಾಡಿಸಿತು. ಇಳಿದವನು ಕೋಗಳಿಯ ಚೌಡಣ್ಣ, ಪಾಲಮ್ಮನ ಒಡಹುಟ್ಟಿದ ತಮ್ಮ, ಶಿವಲೀಲಾಳಿಗೆ ಸೋದರಮಾವ. ಅವಳಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೇ ಅವನು.

"ಬಾ ಮಾವ. ಪಂಕ್ಚರೇನು?"

ಚೌಡಣ್ಣ ಬೋರ್ಡಿನ ಕಡೆ ನೋಡಲಿಲ್ಲ, ಅವಳ ಕಡೆಯೂ ನೋಡಲಿಲ್ಲ. ಬೇವಿನ ಮರಕ್ಕೆ ಹೇಳಿದ, "ಬ್ರೇಕ್."

ಎರಡು ತಿಂಗಳಲ್ಲಿ ಮೊದಲ ಬ್ರೇಕ್ ಕೆಲಸ. ಶಿವಲೀಲಾ ಖುಷಿಯನ್ನು ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

"ನಡುಗತೈತಿ" ಎಂದ ಚೌಡಣ್ಣ. "ಹಳೇವು ಸವದಾವಂತ ಒಮ್ಮೆ, ನಡುಗ್ತಾವಂತ ಒಮ್ಮೆ, ಗುರುಮೂರ್ತಿ ಕಡೆ ಎರಡು ಸಲ ಮುಂದಿನ ಡಿಸ್ಕ್ ಬದಲಿ ಮಾಡಿಸ್ದೆ. ಎರಡು ಸಲ. ಮತ್ತ ನಡುಗಾಕತ್ತೈತಿ."

"ಎರಡು ಸಲ ಅವ್ರ ಕಡೆ ಹೋದಿ. ನನ್ನ ಬೋರ್ಡ್ ಕಣ್ಣಿಗೆ ಬೀಳಲಿಲ್ಲೇನು?"

"ಬಿದ್ದಿತ್ತವ್ವ. ಆದ್ರ ಬ್ರೇಕಲ್ಲೇನು..." ಎಂದು ಅವನು ಮಾತು ನುಂಗಿದ.

ಆಗ ಕಾರಿನೊಳಗಿಂದ ಇನ್ನೊಂದು ದನಿ ಬಂತು. "ಏ ಚೌಡ, ನಿನ್ನ ಬೀಗತನ ಆಮ್ಯಾಗ ಮಾಡೀಯಂತ. ನನ್ನ ಮೊದಲು ಇಳಿಸು."

ಇಳಿದವಳು ಗಾದೆಮ್ಮ. ಅರವತ್ತೆಂಟು ವರ್ಷದ ಮುದುಕಿ, ಕೋಗಳಿಯವಳೇ. ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕು. ಅವಳಂಥವರೇ ಇನ್ನೂ ಮೂರು ಮಂದಿ, ನಾಲ್ಕು ಜನರನ್ನೂ ಚೌಡಣ್ಣನೇ ಬೆಳಗಿನ ಆರಕ್ಕೆ ಹತ್ತಿಸಿಕೊಂಡು ಹೊಸಪೇಟೆಗೆ ಒಯ್ದು, ಸಂಜೆ ವಾಪಸು ತಂದು ಮನೆಬಾಗಿಲಲ್ಲಿ ಇಳಿಸುತ್ತಾನೆ. ಮೂರು ವರ್ಷದಿಂದ ಅವನ ಸಂಸಾರ ನಡೆಯುತ್ತಿರುವುದು ಈ ಓಡಾಟದ ಮೇಲೆಯೇ.

"ನೋಡವ್ವ" ಎಂದಳು ಗಾದೆಮ್ಮ, ಬೆಂಚಿನ ಮೇಲೆ ಕುಕ್ಕರಿಸುತ್ತ. "ನನ್ನ ಕಿಡ್ನಿ ಹೋಗ್ಯಾವ, ಹೋಗ್ಲಿ. ಹಲ್ಲು ಹನ್ನೊಂದು ಉಳದಾವ. ಇವ ಬ್ರೇಕ್ ಒತ್ತಿದ್ರ ಹನ್ನೊಂದೂ ಕಟಕಟ ಅಂತಾವ. ಉಳಿದ ಮೂರು ಮಂದಿ ಬ್ಯಾರೆ ಕಾರು ಮಾತಾಡ್ಯಾರ. ನಾನು ಕಣ್ಣಾರೆ ನೋಡಿ ಬಂದು ಹೇಳತೀನಿ ಅಂದೀನಿ. ಇವತ್ತು ಸರಿ ಆದ್ರ ನಾಳೆ ಇದೇ ಕಾರು. ಇಲ್ಲಂದ್ರ ಇವನ ಮಾರಿ ಸೈತ ನೋಡಂಗಿಲ್ಲ."

ಸುದ್ದಿ ಬಸ್ ಸ್ಟ್ಯಾಂಡಿಗೆ ಹೇಗೆ ಮುಟ್ಟಿತೋ, ಅರ್ಧ ಗಂಟೆಯಲ್ಲಿ ಗುರುಮೂರ್ತಿ ಬೈಕ್ ಮೇಲೆ ಬಂದಿಳಿದ. ಬಾಯಿ ತುಂಬ ಎಲೆಯಡಿಕೆ.

"ಏನವ್ವ ಶಿವ್ಲೀಲಾ, ನಾ ಬಿಟ್ಟ ಗಾಡಿ ನೀ ಹಿಡದೀಯಂತ?"

"ನೀವು ಬಿಟ್ರಿ ಅಂತ ಹಿಡದೀನಿ ಉಸ್ತಾದ್ರ."

"ಇದು ಕಂಪನಿ ತಪ್ಪು. ಹುಟ್ಟಿನಿಂದ ಬಂದ ರೋಗ. ಯಾವ ಡಿಸ್ಕ್ ಹಾಕಿದ್ರೂ ಬಾಗತೈತಿ. ಆಗಂಗಿಲ್ಲ ಬಿಡು."

"ಆದ್ರ?"

ಗುರುಮೂರ್ತಿ ಪಿಚಕ್ಕೆಂದು ಉಗುಳಿ ಬೋರ್ಡಿನ ಕಡೆ ನೋಡಿದ. "ಆದ್ರ, ನನ್ನ ಗ್ಯಾರೇಜಿಗೆ ಬರೋ ನಡುಕದ ಗಾಡಿ ಎಲ್ಲಾ ನಿನ್ನ ಕಡೆ ಕಳಸ್ತೀನಿ. ಆಗ್ಲಿಲ್ಲಂದ್ರ ಆ ಕೆಂಪು ಅಕ್ಷರ ಅಳಸ್ತೀಯೇನು? ಇವತ್ತ?"

ಚೌಡಣ್ಣ ಬೇಡ ಬೇಡವೆಂದು ಕೈಯಾಡಿಸಿದ. ಶಿವಲೀಲಾ ಅವನತ್ತ ನೋಡಲಿಲ್ಲ. "ಅಳಸ್ತೀನಿ. ಪೇಂಟ್ ಡಬ್ಬಿ ಒಳಗ ಐತಿ. ಕುಂದರ್ರಿ."

ಮೊದಲು ರಸ್ತೆ. ಅವಳೇ ಸ್ಟೇರಿಂಗ್ ಹಿಡಿದಳು, ಮಾವನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಕೂಡ್ಲಿಗಿ ಕಡೆಗೆ ಎರಡು ಮೈಲಿ ನೇರ ರಸ್ತೆ ಇದೆ, ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ ಎಂಬತ್ತಕ್ಕೆ ಏರಿಸಿದಳು. ಗಾಡಿ ಎಣ್ಣೆಯಲ್ಲಿ ಜಾರಿದ ಹಾಗೆ ಹೋಗುತ್ತಿತ್ತು.

"ಬ್ರೇಕ್ ಮುಟ್ಟದಿದ್ರ ನಡುಕ ಇಲ್ಲ. ಅಂದ್ರ ಟೈರಿಂದಲ್ಲ, ಬ್ಯಾಲೆನ್ಸಿಂದಲ್ಲ" ಎಂದಳು. ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದೇ ಮೆಲ್ಲಗೆ ಎಳೆದಳು. ಗಾಡಿ ನಿಧಾನವಾಯಿತು, ನಡುಗಲಿಲ್ಲ. "ಇದು ಹಿಡಿಯೋದು ಹಿಂದಿನ ಗಾಲಿ. ಅವು ಗಟ್ಟಿ ಅದಾವ." ಮತ್ತೆ ಎಂಬತ್ತು. ಈಗ ಕಾಲಿನ ಬ್ರೇಕು. ಅಷ್ಟೇ! ದೇವರು ಮೈತುಂಬಿದ ಪೂಜಾರಿಯ ಹಾಗೆ ಸ್ಟೇರಿಂಗ್ ಗಡಗಡ ಕುಣಿಯಿತು, ಪೆಡಲು ಅಂಗಾಲಿಗೆ ಒದೆಯತೊಡಗಿತು.

"ಮುಂದಿನ ಗಾಲಿ" ಎಂದಳು ಶಿವಲೀಲಾ. ಕಣ್ಣು ಹೊಳೆಯುತ್ತಿದ್ದವು. "ಮಾವ, ಹೊಸಾ ಡಿಸ್ಕ್ ಹಾಕಿದ ದಿನಾನ ನಡುಗ್ತಿತ್ತೇನು?"

"ಇಲ್ಲ. ಮೂರು ವಾರ ಹೂವಿನಂಗ ನಿಲ್ಲತಿತ್ತು. ಆಮ್ಯಾಲೆ ಶುರು."

"ಎರಡನೇ ಸಲ?"

"ಅದೂ ಮೂರು ವಾರಕ್ಕ."

ಶಿವಲೀಲಾ ಸ್ಟೇರಿಂಗಿಗೆ ಅಂಗೈಯಿಂದ ಫಟ್ಟನೆ ಹೊಡೆದಳು. "ಹಂಗಾದ್ರ ಡಿಸ್ಕ್ ತಾನಾಗಿ ಸಾಯವಲ್ದು ಮಾವ! ಯಾರೋ ಕೊಲ್ಲಾಕತ್ಯಾರ! ಹೊಸಾ ಡಿಸ್ಕ್ ತಂದ್ಹಾಕಿದ್ರ ಮೂರು ವಾರದಾಗ ಕೊಲ್ಲತಾರ. ಕೊಲೆಗಾರ ಇನ್ನೂ ಗಾಡಿಯಾಗ ಅದಾನ!"

ಚೌಡಣ್ಣ ಹಿಂದಿನ ಸೀಟಿನತ್ತ ತಿರುಗಿ ನೋಡಿದ.

ಶೆಡ್ಡಿಗೆ ಬಂದು ಜಾಕ್ ಕೊಟ್ಟು, ಸ್ಟ್ಯಾಂಡಿನ ಮೇಲೆ ಗಾಡಿ ಇಳಿಸಿ, ಎರಡೂ ಮುಂದಿನ ಗಾಲಿ ಬಿಚ್ಚಿದಳು. ಬೇರಿಂಗ್ ಅಲುಗಾಡಿಸಿ ನೋಡಿದಳು, ಗಟ್ಟಿ ಇತ್ತು. ಪ್ಯಾಡು ಕಚ್ಚಿ ಹಿಡಿಯುವ ಕ್ಯಾಲಿಪರನ್ನು ಬಿಚ್ಚಿ, ಪೈಪಿನ ಮೇಲೆ ಭಾರ ಬೀಳದಂತೆ ತಂತಿಯಿಂದ ಮೇಲಕ್ಕೆ ಕಟ್ಟಿದಳು. ಈಗ ಉಳಿದದ್ದು ಡಿಸ್ಕು, ಎಂದರೆ ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಮತ್ತು ಅದು ಕೂರುವ ಹಬ್ಬು. ಡಿಸ್ಕು ಅಲುಗದಂತೆ ನಟ್ಟುಗಳನ್ನು ಬಿಗಿದಳು.

ಆಮೇಲೆ ಒಳಗಿಂದ ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತಂದು ಬಿಚ್ಚಿದಳು. ಕೈಗಡಿಯಾರಕ್ಕಿಂತ ಸ್ವಲ್ಪ ದೊಡ್ಡದು, ಒಂದು ಮುಳ್ಳು, ಕೆಳಗೊಂದು ಸಣ್ಣ ಕಡ್ಡಿ. ಡಯಲ್ ಗೇಜು. ಅದಿರಿನ ಲಾರಿ ನಿಂತಾಗ ಹೊಸಪೇಟೆಯಲ್ಲಿ ಬಾಗಿಲು ಹಾಕಿದ ಒಂದು ವರ್ಕ್‌ಶಾಪಿನವರು ಸಾಮಾನನ್ನೆಲ್ಲ ಗುಡ್ಡೆ ಹಾಕಿ ಮಾರಿದರು. ಉಳಿದವರು ಜಾಕು, ಸ್ಪ್ಯಾನರಿಗೆ ಮುಗಿಬಿದ್ದಿದ್ದಾಗ ಇವಳು ಇದನ್ನೆತ್ತಿಕೊಂಡು ಬಂದಿದ್ದಳು.

"ಇದ್ಯಾವ ಗಡಿಯಾರ? ಟೈಮ್ ನೋಡ್ಕೊಂಡು ಬ್ರೇಕ್ ಮಾಡ್ತೀಯೇನು?" ಎಂದ ಗುರುಮೂರ್ತಿ.

"ಡಿಸ್ಕ್ ಸೊಟ್ಟ ತಿರುಗ್ತೈತೋ ನೆಟ್ಟಗ ತಿರುಗ್ತೈತೋ ಇದು ಹೇಳತೈತಿ ಉಸ್ತಾದ್ರ. ನಿಮ್ಮ ಕಣ್ಣು ಹೇಳಂಗಿಲ್ಲ, ನನ್ನ ಕಣ್ಣೂ ಹೇಳಂಗಿಲ್ಲ."

ಗೇಜಿನ ಕಡ್ಡಿಯನ್ನು ಡಿಸ್ಕಿನ ಮುಖಕ್ಕೆ ತಾಗಿಸಿ ಬಲಗಡೆಯದನ್ನು ಮೆಲ್ಲಗೆ ತಿರುಗಿಸಿದಳು. ಮುಳ್ಳು ಮೂರು ಗೆರೆ ಆಡಿತು. ಒಂದು ಗೆರೆ ಅಂದರೆ ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಒಂದು ಪಾಲು. ಐದು ಗೆರೆವರೆಗೂ ಪರವಾಗಿಲ್ಲ. ಎಡಕ್ಕೆ ಬಂದಳು. ತಿರುಗಿಸಿದಳು. ಮುಳ್ಳು ಐದು ದಾಟಿತು, ಹತ್ತು ದಾಟಿತು, ಹದಿನೆಂಟಕ್ಕೆ ಹೋಗಿ ವಾಪಸು ಬಂತು.

"ಹದಿನೆಂಟು!" ಶಿವಲೀಲಾ ಚೀರಿದಳು. "ಅಜ್ಜಿ, ಹದಿನೆಂಟು!"

"ಒಳ್ಳೇದೇನವ್ವ?" ಎಂದಳು ಗಾದೆಮ್ಮ.

"ಬಾಳ ಕೆಟ್ಟದ್ದು!" ಎಂದು ಶಿವಲೀಲಾ ಹಲ್ಲು ಕಿರಿದಳು. ಕೆಟ್ಟದ್ದು ಸಿಕ್ಕಿತಲ್ಲ, ಇನ್ನೇನು ಬೇಕು.

"ಅದನ್ನ ನಾನೂ ಹೇಳಿದ್ದು" ಎಂದ ಗುರುಮೂರ್ತಿ. "ಡಿಸ್ಕ್ ಬಾಗೈತಿ."

"ತಡೀರಿ." ಮುಳ್ಳು ಅತಿ ಎತ್ತರಕ್ಕೆ ಹೋದ ಜಾಗದಲ್ಲಿ ಡಿಸ್ಕಿನ ಮೇಲೊಂದು ಸೀಮೆಸುಣ್ಣದ ಗೀಟು, ಅದಕ್ಕೆ ಸರಿಯಾಗಿ ಹಬ್ಬಿನ ಮೇಲೊಂದು ಗೀಟು ಎಳೆದಳು. ನಟ್ಟು ಬಿಚ್ಚಿ, ಡಿಸ್ಕನ್ನು ಬೋಲ್ಟಿನ ತುದಿ ದಾಟುವಷ್ಟೇ ಎಳೆದು ಒಂದು ತೂತಿನಷ್ಟು ತಿರುಗಿಸಿ, ಮತ್ತೆ ಬಿಗಿದಳು. "ಡಿಸ್ಕ್ ಬಾಗಿದ್ರ ಎತ್ತರ ಡಿಸ್ಕಿನ ಗೀಟಿನ ಜೊತಿ ಹೋಗಬೇಕು. ಹೋಗಲಿಲ್ಲಂದ್ರ ತಪ್ಪು ಕೆಳಗೈತಿ."

ಎಲ್ಲರೂ ಮುಳ್ಳನ್ನೇ ನೋಡಿದರು. ಗುರುಮೂರ್ತಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. ಡಿಸ್ಕಿನ ಗೀಟು ಬಂತು, ಹೋಯಿತು, ಮುಳ್ಳು ಏರಲಿಲ್ಲ. ಹಬ್ಬಿನ ಗೀಟು ಬಂತು. ಹದಿನೆಂಟು.

"ಹಬ್ಬಿಂದು!" ಎಂದಳು.

ಗುರುಮೂರ್ತಿ ಬೇಗ ಸಾವರಿಸಿಕೊಂಡ. "ಹಬ್ ಬಾಗೈತಿ ಅಂತಾತು. ಹೊಸಾ ಹಬ್ ಹೊಸಪೇಟೆಯಿಂದ ಬರಬೇಕು. ಇವತ್ತು ಹೇಳಿದ್ರ ನಾಡಿದ್ದು. ಪೇಂಟ್ ಡಬ್ಬಿ ತಗಿ."

ಚೌಡಣ್ಣ ಬೆಂಚಿನ ತುದಿಗೆ ಕುಸಿದ. ಮರುದಿನ ಬೆಳಗಿನ ಆರು ಗಂಟೆಯ ಚಿಂತೆ ಅವನ ಮುಖದ ಮೇಲೆಯೇ ಬರೆದಿತ್ತು. ಶಿವಲೀಲಾ ಮಾತ್ರ ಡಿಸ್ಕಿನ ಮುಂದೆ ಕುಕ್ಕುರುಗಾಲಲ್ಲಿ ಕೂತೇ ಇದ್ದಳು. ಕುಂಟುವ ಕುರಿಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಅವ್ವ ಪಾಲಮ್ಮ ಹೇಳುತ್ತಿದ್ದದ್ದು ಅವಳಿಗೆ ನೆನಪಾಯಿತು: ‘ಕಾಲು ಮುರದೈತಿ ಅಂತ ಮೊದಲಿಗೇ ಅನಬ್ಯಾಡ. ಗೊರಸಿನ ಸಂದಿ ಬಿಡಿಸಿ ನೋಡು. ಹತ್ತರಾಗ ಒಂಬತ್ತು ಸಲ ಕಲ್ಲಿನ ಹಳ್ಳು ಸಿಕ್ಕೊಂಡಿರತೈತಿ.’

ನಟ್ಟು ಬಿಚ್ಚಿದಳು. ಮರದ ಸುತ್ತಿಗೆಯಿಂದ ಎರಡು ಏಟು ಹಾಕಿ ಡಿಸ್ಕನ್ನು ಎಳೆದು ತೆಗೆದಳು. ಮೊಬೈಲ್ ಬೆಳಕು ಬಿಟ್ಟು ಹಬ್ಬಿನ ಮುಖಕ್ಕೆ ಮುಖ ಹಚ್ಚಿದಳು. ಕಬ್ಬಿಣ ಬೆಳ್ಳಗಿರಬೇಕಾದ ಕಡೆ, ಅರ್ಧ ಚಂದ್ರದ ಹಾಗೆ, ಕರಿಹಳದಿ ಬಣ್ಣದ ಚಕ್ಕೆ ಕಟ್ಟಿತ್ತು. ಉಗುರಿನಿಂದ ಕೆರೆದಳು. ಬರಲಿಲ್ಲ. ಸ್ಕ್ರೂಡ್ರೈವರಿನಿಂದ ಕೆತ್ತಿ ಒಂದು ಚೂರು ಮೂಗಿಗೆ ಹಿಡಿದಳು.

ಅರಿಷಿಣ.

"ಮಾವ" ಎಂದಳು ಬಹಳ ಮೆತ್ತಗೆ. "ಇಲ್ಲಿ ಬಾ. ಏನಿದು?"

ಚೌಡಣ್ಣ ಬಗ್ಗಿ ನೋಡಿದವನೇ ಎರಡೂ ಕೈ ಎತ್ತಿ ಮುಗಿದ. "ಭಂಡಾರವ್ವ! ಬೀರಪ್ಪನ ಭಂಡಾರ! ನಿಮ್ಮವ್ವನ ಕೊಟ್ಟಿದ್ದು. ಗಾಡಿಗೆ ಹಚ್ಚು, ದೇವರು ಕಾಯ್ತಾನ ಅಂದ್ಲು. ಹೊಸಾ ಡಿಸ್ಕ್ ಹಾಕೋ ಮುಂದ, ಒಳಗ ಹಚ್ಚಿದ್ರ ನೀರಿಗೆ ತೊಳಕೊಂಡು ಹೋಗಂಗಿಲ್ಲ ಅಂತ, ಎಣ್ಣ್ಯಾಗ ಕಲಸಿ ದಪ್ಪಗ ಹಚ್ಚಿದೆ."

"ಎರಡೂ ಸಲ?"

"ಎರಡೂ ಸಲ. ಎರಡನೇ ಸಲ ಜಾಸ್ತಿ ಹಚ್ಚಿದೆ."

"ಎಡಗಾಲಿಗಷ್ಟ ಯಾಕ?"

"ಪೇಶೆಂಟ್ ಹತ್ತೋದು ಎಡಗಡೆಯಿಂದನ ಅಲ್ಲೇನು!"

ಗಾದೆಮ್ಮ ಮೊದಲು ನಕ್ಕಳು. ಆಮೇಲೆ ಗುರುಮೂರ್ತಿ ನಕ್ಕ. ಎಲೆಯಡಿಕೆ ನೆತ್ತಿಗೇರುವಷ್ಟು ನಕ್ಕ. ಶಿವಲೀಲಾ ಅವನು ನಗುವುದು ಮುಗಿಯಲಿ ಎಂದು ಕಾದಳು.

"ಉಸ್ತಾದ್ರ, ಇವ ಹಚ್ಚುವಾಗ ನೀವು ಎಲ್ಲಿದ್ರಿ?"

ಗುರುಮೂರ್ತಿಯ ನಗು ನಿಂತಿತು. "ಅಲ್ಲೇ ಇದ್ದೆ. ದೇವರ ಕೆಲಸ... ನಡುವ ಬಾಯಿ ಹಾಕಬಾರದು ಅಂತ..."

"ಹಬ್ ಒರಸಿ, ತಿಕ್ಕಿ ಕೂಡ್ರಸಬೇಕಿತ್ತಲ್ರಿ. ಎಣ್ಣಿ, ಅರಿಷಿಣ ಕುದ್ದು ಕಲ್ಲಾಗೈತಿ. ಅದರ ಮ್ಯಾಲೆ ಡಿಸ್ಕ್ ಸೊಟ್ಟ ಕುಂತೈತಿ. ಸೊಟ್ಟ ತಿರುಗಿ ತಿರುಗಿ, ಮೂರು ವಾರದಾಗ ತಾನೂ ಕೆಟ್ಟೈತಿ."

ವೈರ್ ಬ್ರಷ್ ಎತ್ತಿಕೊಂಡಳು. ಚೌಡಣ್ಣ ಅಡ್ಡ ನಿಂತ. "ಲೇ, ಬೀರಪ್ಪನ ಭಂಡಾರ ಕಬ್ಬಿಣದ ಬ್ರಷ್ಷಿಲೆ ಉಜ್ಜತೀಯೇನು? ನಾಳೆ ಏನಾರ ಆದ್ರ?"

"ಏ ಚೌಡ!" ಗಾದೆಮ್ಮ ಬೆಂಚಿನಿಂದಲೇ ಗದರಿದಳು. "ನಿಮ್ಮ ಬೀರಪ್ಪ ಬೆಟ್ಟ ಗುಡ್ಡ ತಿರುಗಿದ ದ್ಯಾವರು. ಎರಡು ಕಬ್ಬಿಣದ ನಡುವ ಸಿಗಿಸಿ ಎಣ್ಣ್ಯಾಗ ಹುರದೀಯಲ್ಲೋ, ಪುಣ್ಯಾತ್ಮ. ಮೊದಲು ಅವನ್ನ ಬಿಡಸು."

ಚೌಡಣ್ಣ ಸರಿದ. ಶಿವಲೀಲಾ ಕೆಳಗೆ ಒಂದು ಪೇಪರ್ ಹಾಸಿ ಚಕ್ಕೆಯನ್ನೆಲ್ಲ ಕೆತ್ತಿ ಬೀಳಿಸಿ, ಮಡಚಿ ಮಾವನ ಕೈಗೆ ಕೊಟ್ಟಳು. ಅವನು ಒಯ್ದು ಬೇವಿನ ಬುಡಕ್ಕೆ ಹಾಕಿ ಕೈಮುಗಿದ. ಅಷ್ಟರಲ್ಲಿ ಹಬ್ಬು ಕನ್ನಡಿಯಾಗಿತ್ತು. ಡಿಸ್ಕಿನ ಒಳಮುಖವನ್ನೂ ತಿಕ್ಕಿ ಕೂರಿಸಿ, ಮತ್ತೆ ಗೇಜು ಹಿಡಿದಳು. ಒಂದು, ಎರಡು, ಮೂರು, ನಾಲ್ಕು. ಮುಳ್ಳು ಅಲ್ಲೇ ನಿಂತಿತು.

"ನಾಕ!" ಎಂದು ಕುಣಿದೇ ಬಿಟ್ಟಳು. ಮೂವತ್ತಾರು ವರ್ಷದ, ಎರಡು ಮಕ್ಕಳ ತಾಯಿ, ಕೈಯೆಲ್ಲ ಗ್ರೀಸು. ಗಾಲಿ ಜೋಡಿಸಿದಳು, ಗಾಡಿ ಇಳಿಸಿದಳು, ಗುರುಮೂರ್ತಿಯನ್ನು ಹಿಂದೆ ಕೂರಿಸಿಕೊಂಡು ಹೊರಟೇ ಬಿಟ್ಟಳು. ಎಂಬತ್ತು. ಬ್ರೇಕು.

ಸ್ಟೇರಿಂಗ್ ನಡುಗಿತು.

ಮೊದಲಿನಷ್ಟಲ್ಲ. ಆದರೆ ನಡುಗಿತು. ಹಿಂದಿನಿಂದ ಗುರುಮೂರ್ತಿ ಗಂಟಲು ಸರಿಮಾಡಿಕೊಂಡ. ಅಷ್ಟೇ ಚುಚ್ಚಿತು. ಶೆಡ್ಡಿಗೆ ಬಂದು ಇಳಿದಾಗ ಗಾದೆಮ್ಮ ಅವಳ ಮುಖ ನೋಡಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಚೌಡಣ್ಣ ಫೋನ್ ತೆಗೆದು ಯಾರ ನಂಬರನ್ನೋ ನೋಡುತ್ತ ನಿಂತ.

"ನಾನ ಬಾಯಿ ಬಿಟ್ಟು ಹೇಳಿ, ನಾನ ಮರತು ಕುಂತೀನಲ್ಲ ಮಾವ!" ಶಿವಲೀಲಾ ಹಣೆ ಬಡಿದುಕೊಂಡಳು, ಹಣೆಯ ತುಂಬ ಗ್ರೀಸಾಯಿತು. "ಹಳ್ಳು ತಗದ್ರೂ ಕುರಿ ನಾಕು ದಿನ ಕುಂಟತೈತಲ್ಲ! ಗಾಯ ಹಂಗ ಇರತೈತಿ! ಡಿಸ್ಕ್ ಕೆಟ್ಟೈತಿ ಅಂತ ನಾನ ಅಂದೆ, ಅಳೀದ ಓಡಿಬಿಟ್ಟೆ. ಖುಷಿ ಹೆಚ್ಚಾಗಿ ಬುದ್ಧಿ ಮಣ್ಣಾತು."

ಮತ್ತೆ ಗಾಲಿ ಬಿಚ್ಚಿದಳು. ಈ ಸಲ ದಪ್ಪ ಅಳೆಯುವ ಮೈಕ್ರೋಮೀಟರ್. ಡಿಸ್ಕಿನ ಸುತ್ತ ಎಂಟು ಕಡೆ ಕಚ್ಚಿಸಿ ನೋಡಿದಳು. ಒಂದು ಕಡೆ ದಪ್ಪ, ಎದುರು ಕಡೆ ತೆಳು. ವ್ಯತ್ಯಾಸ ಮೂರು ಗೆರೆ, ತಲೆಗೂದಲಿನ ಅರ್ಧದಷ್ಟೂ ಇಲ್ಲ. ಅಷ್ಟು ಸಾಕು. ಪ್ಯಾಡು ದಪ್ಪದ ಕಡೆ ಹೆಚ್ಚು ಕಚ್ಚುತ್ತದೆ, ತೆಳುವಿನ ಕಡೆ ಕಡಿಮೆ, ಒಂದು ಸುತ್ತಿಗೆ ಒಂದು ಒದೆತ.

ಎರಡೂ ಡಿಸ್ಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಸ್ಕೂಟಿ ಹತ್ತಿದಳು. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಮರುಳಪ್ಪನ ಲೇತು, ಕಬ್ಬಿಣವನ್ನು ತಿರುಗಿಸಿ ನುಣ್ಣಗೆ ಕೊಯ್ಯುವ ಯಂತ್ರ. ಮರುಳಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಶಟರು ಎಳೆಯುತ್ತಿದ್ದ.

"ನಾಳೆ ಬಾ ತಂಗಿ. ಹರಪನಹಳ್ಳಿಗೆ ಹೊಂಟೀನಿ, ಬೀಗರ ಮನಿ ಊಟ."

"ಬೀಗರು ನಾಳೆನೂ ಇರ್ತಾರಣ್ಣ. ನನ್ನ ಬೋರ್ಡ್ ಇರಂಗಿಲ್ಲ."

ಕಥೆಯನ್ನು ಅವಳು ನಿಂತಲ್ಲೇ ಒಂದೇ ಉಸಿರಿಗೆ ಒದರಿದಳು. ಎಣ್ಣೆಯಲ್ಲಿ ಕಲೆಸಿದ ಭಂಡಾರದವರೆಗೆ ಬಂದಾಗ ಮರುಳಪ್ಪ ಇಸ್ತ್ರಿ ಅಂಗಿ ಕಳಚಿ ಮೊಳೆಗೆ ಹಾಕಿದ. "ಗುರುಮೂರ್ತಿ ಅಲ್ಲೇ ನಿಂತು ನೋಡಿದ್ನೇ? ತಾ ಇಲ್ಲಿ, ಊಟ ತಣ್ಣಗಾದ್ರೂ ಅಡ್ಡಿಯಿಲ್ಲ."

ಡಿಸ್ಕನ್ನು ಕಟ್ಟುವ ಮುಂಚೆಯೇ ಶಿವಲೀಲಾ ಲೇತಿನ ಮುಖವನ್ನು ತಾನೇ ಒರೆಸಿದಳು. ಮರುಳಪ್ಪ ಗುರ್ರೆಂದ. "ನನ್ನ ಲೇತಿನ್ಯಾಗ ಭಂಡಾರ ಇಲ್ಲವ್ವ!" ಸಣ್ಣ ಸಣ್ಣ ಕೊಯ್ತ. ಬೆಳ್ಳನೆಯ ಪುಡಿ ಸುರಿಯಿತು. ಡಿಸ್ಕಿನ ಅಂಚಿನ ಮೇಲೆ ಇದಕ್ಕಿಂತ ತೆಳು ಮಾಡಬಾರದು ಎಂದು ಕೊರೆದ ಅಂಕಿ ಇರುತ್ತದೆ, ಅದಕ್ಕಿನ್ನೂ ಬೇಕಾದಷ್ಟು ದೂರವಿತ್ತು. ಎಂಟು ಕಡೆ ಅಳೆದಳು. ಎಂಟೂ ಒಂದೇ.

ಅವಳು ವಾಪಸು ಬಂದಾಗ ಹೊತ್ತು ಇಳಿಯುತ್ತಿತ್ತು. ಗುರುಮೂರ್ತಿ ಇನ್ನೂ ಅಲ್ಲೇ ಇದ್ದ. ಅವನ ಮುಂದೆ ಪೇಂಟ್ ಡಬ್ಬಿಯೂ ಇತ್ತು, ಅವನೇ ಒಳಗಿಂದ ತಂದಿಟ್ಟುಕೊಂಡಿದ್ದ. ಶಿವಲೀಲಾ ಅದನ್ನು ದಾಟಿಕೊಂಡು ಹೋದಳು. ಪ್ಯಾಡಿನ ಮುಖ ಎಮೆರಿ ಕಾಗದದಿಂದ ತಿಕ್ಕಿದಳು. ಡಿಸ್ಕು ಕೂರಿಸಿ ಗೇಜು ಹಿಡಿದಳು, ನಾಲ್ಕೇ ಗೆರೆ. ಗಾಲಿಯ ನಟ್ಟನ್ನು ಒಂದು ಬಿಟ್ಟು ಒಂದರಂತೆ ಎದುರುಬದುರು, ಕೈಯಿಂದಲೇ ಒಂದೇ ಸಮ ಬಿಗಿದಳು. ಗುರುಮೂರ್ತಿಯ ಗ್ಯಾರೇಜಿನಲ್ಲಿ ನಟ್ಟು ಬಿಗಿಯುವ ಪಾನಾದ ಮೇಲೆ ನಿಂತು ಕುಣಿಯುವುದೇ ಪದ್ಧತಿ.

"ಈ ಸಲ ನಾನು ಬರ್ತೀನಿ" ಎಂದಳು ಗಾದೆಮ್ಮ. ತನ್ನ ಕೈಚೀಲದಿಂದ ನೀರಿನ ಬಾಟಲಿ, ಒಂದು ಸ್ಟೀಲ್ ಲೋಟ ತೆಗೆದಳು. ಮುಂದಿನ ಸೀಟಿನಲ್ಲಿ ಕೂತು ಲೋಟಕ್ಕೆ ಮುಕ್ಕಾಲು ನೀರು ಬಗ್ಗಿಸಿ ತೊಡೆಯ ಮೇಲೆ ಹಿಡಿದಳು. "ಡಾಕ್ಟ್ರು ನನಗ ದಿನಕ್ಕ ಇಷ್ಟ ನೀರು ಅಂತ ಅಳದು ಕೊಟ್ಟಾರ. ಇವತ್ತಿಂದು ಉಳದದ್ದು ಇದಷ್ಟ. ಒಂದು ಹನಿ ಚೆಲ್ಲಿದ್ರೂ ನಿನ್ನ ಬೋರ್ಡ್ ನಾನ ಅಳಸ್ತೀನಿ."

ಮೊದಲ ಒಂದು ಮೈಲಿ ಶಿವಲೀಲಾ ನಿಧಾನಕ್ಕೆ ಹೋಗುತ್ತ, ಹತ್ತು ಸಲ ಹಗುರವಾಗಿ ಬ್ರೇಕ್ ಒತ್ತಿ ಪ್ಯಾಡಿಗೂ ಡಿಸ್ಕಿಗೂ ಹೊಂದಿಕೆ ಮಾಡಿಸಿದಳು. ಹಿಂದಿನ ಸೀಟಿನಲ್ಲಿ ಮಾವ ಮತ್ತು ಉಸ್ತಾದ ಮದುವೆಯಲ್ಲಿ ಕೂತ ಬೀಗರಂತೆ ಬಿಗಿದುಕೊಂಡಿದ್ದರು. ನೇರ ರಸ್ತೆ ಬಂತು. ಕನ್ನಡಿ ನೋಡಿದಳು, ಹಿಂದೆ ಯಾರೂ ಇಲ್ಲ. ಅರವತ್ತು. ಎಪ್ಪತ್ತು. ಎಂಬತ್ತು.

"ಅಜ್ಜಿ, ಹಿಡ್ಕೋ."

ಒತ್ತಿದಳು. ಒಂದೇ ಸಮ, ಮೆತ್ತಗೆ, ಕೊನೆಯವರೆಗೂ. ಲೋಟದ ನೀರು ಮುಂದಕ್ಕೆ ವಾಲಿತು, ಅಂಚಿನವರೆಗೆ ಬಂತು, ಅಲ್ಲೇ ನಿಂತಿತು. ಅದರ ಮೈಮೇಲೆ ಒಂದು ಸಣ್ಣ ಅಲೆಯಿಲ್ಲ. ಸ್ಟೇರಿಂಗ್ ಅವಳ ಎರಡು ಬೆರಳ ನಡುವೆ ಮಲಗಿದ ಹಾಗಿತ್ತು. ಗಾಡಿ ನಿಂತಿತು. ನೀರು ಹಿಂದಕ್ಕೆ ಬಂದು ಸಮವಾಯಿತು.

ಗಾದೆಮ್ಮ ಲೋಟ ಎತ್ತಿ, ಕೊನೆಯ ಹನಿಯವರೆಗೂ ಗಟಗಟ ಕುಡಿದಳು. ಸೆರಗಿನಿಂದ ಬಾಯೊರೆಸಿಕೊಂಡಳು.

"ಚೌಡ, ನಾಳೆ ಆರಕ್ಕ ಬಾ. ಮೂರು ಮಂದಿಗೆ ನಾ ಹೇಳತೀನಿ."

ಶಿವಲೀಲಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಜೋಳದ ಹೊಲಕ್ಕೆ ಕೇಳುವ ಹಾಗೆ ಕೇಕೆ ಹಾಕಿದಳು. ಕಾಗೆ ಎದ್ದವು. ಮತ್ತೆ ಐದು ಸಲ ಓಡಿಸಿ ಐದು ಸಲ ನಿಲ್ಲಿಸಿದಳು. ಬೇಕಿರಲಿಲ್ಲ, ಸುಮ್ಮನೆ. ಆರನೆಯ ಸಲ ಚೌಡಣ್ಣ ತಾನೇ ಓಡಿಸಿದ. ನಿಲ್ಲಿಸಿದವನು ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದ, "ಮೊದಲ ನಿನ್ನ ಕಡೆ ಬರಬೇಕಿತ್ತು."

"ಬರಬೇಕಿತ್ತು" ಎಂದಳು ಶಿವಲೀಲಾ. ಅಲ್ಲಗಳೆದು ಅವನನ್ನು ಸಮಾಧಾನ ಮಾಡುವ ಜಾಯಮಾನ ಅವಳದಲ್ಲ.

ಶೆಡ್ಡಿನ ಮುಂದೆ ಇಳಿದ ಗುರುಮೂರ್ತಿ ಬೈಕಿಗೆ ಕೀಲಿ ಹಾಕಿ, ತಿರುಗಿಸದೆ ನಿಂತ. "ನನ್ನ ಕಡೆ ಹಡಗಲಿದೊಂದು ಗಾಡಿ ಐತಿ. ಅದೂ ನಡುಗತೈತಿ. ನಾಳೆ ಕಳಸ್ತೀನಿ." ಬೆಂಚಿನ ಮೇಲಿದ್ದ ಗೇಜಿನ ಕಡೆ ನೋಡಿ, "ಆ ಗಡಿಯಾರ ಎಲ್ಲಿ ಸಿಗತೈತಿ?"

"ಸಿಗಂಗಿಲ್ಲ ಉಸ್ತಾದ್ರ. ಬರ್ರಿ, ಹಿಡಿಯೋದು ಕಲಿಸ್ತೀನಿ. ಎಂಟು ವರ್ಷ ಹಿಡಿಯಂಗಿಲ್ಲ, ಎಂಟು ದಿನ ಸಾಕು."

ಗುರುಮೂರ್ತಿ ಕಿಕ್ ಒದ್ದು ಬೈಕ್ ಹೊರಡಿಸಿದ.

ಅಷ್ಟರಲ್ಲಿ ಸಂಜೆಯ ಬಸ್ಸಿನಿಂದ ಪಾಲಮ್ಮ ಇಳಿದು ಬಂದಳು. ತಮ್ಮನ ಗಾಡಿಗೆ ಮತ್ತೆ ರೋಗ ಬಂದಿದೆ ಎಂದು ಯಾರೋ ಫೋನ್ ಮಾಡಿದ್ದರು. ಬರಿಗೈಲಿ ಬಂದಿರಲಿಲ್ಲ, ಸೀರೆಯ ಗಂಟಿನಲ್ಲಿ ಮುಷ್ಟಿ ಭಂಡಾರ ಇತ್ತು. ಚೌಡಣ್ಣ ತಲೆ ಕೆರೆದುಕೊಳ್ಳುತ್ತ ನಡೆದದ್ದನ್ನು ಹೇಳಿದ. ಪಾಲಮ್ಮ ಪೂರ್ತಿ ಕೇಳಿದಳು.

"ಮೂಳ! ಗಾಡಿಗೆ ಹಚ್ಚು ಅಂದ್ರ ಹಣಿಗೆ ಹಚ್ಚಬೇಕು. ಕುರಿಗೆ ಭಂಡಾರ ಹಚ್ಚು ಅಂದ್ರ ಗೊರಸಿನ ಸಂದ್ಯಾಗ ತುರುಕ್ತೀಯೇನು?" ಎಂದವಳು ಬೆಂಚಿನ ಮೇಲಿದ್ದ ಗೇಜು ನೋಡಿದಳು. ಗಾಜು, ಮುಳ್ಳು, ಎಲ್ಲ ಫಳಫಳ. "ಇದ ಏನು ತಪ್ಪು ಹಿಡಿದದ್ದು? ಬಂಗಾರದಂಥಾದ್ದು" ಎನ್ನುತ್ತ ಗಂಟು ಬಿಚ್ಚಿ ಚಿಟಿಕೆ ತುಂಬ ಭಂಡಾರ ತೆಗೆದೇಬಿಟ್ಟಳು.

"ಯವ್ವಾ!" ಶಿವಲೀಲಾ ಹಾರಿ ಬಂದು ಗೇಜನ್ನು ಎದೆಗವುಚಿಕೊಂಡಳು. "ಅದಕ್ಕ ಬ್ಯಾಡ!"

"ಮತ್ತ ಎಲ್ಲಿ ಹಚ್ಲೇ? ತೆಗೆದ ಭಂಡಾರ ವಾಪಸು ಇಡಂಗಿಲ್ಲ."

ಶಿವಲೀಲಾ ಸುತ್ತ ನೋಡಿದಳು. ಸ್ಟೂಲ್ ಎಳೆದು ತಂದು ಶೆಡ್ಡಿನ ಮುಂದೆ ಇಟ್ಟಳು, ಅವ್ವನ ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿದಳು.

"ಆ ಬೋರ್ಡಿನ ಮ್ಯಾಲೆ ಮೂರನೇ ಮಾತು ಐತಲ್ಲ, ಕೆಂಪಂದು. ಅದಕ್ಕ ಹಚ್ಚು. ಎಷ್ಟು ದಪ್ಪ ಹಚ್ಚಿದ್ರೂ ಅದು ನಡುಗಂಗಿಲ್ಲ."